ಆಹಾರ ವಿಜ್ಞಾನಿಯ ಕೆಲಸ: ಕೆಮಿಸ್ಟ್ರಿ ಓದಿದವರು ಮೊದಲು ಏನು ಕಲಿಯಬೇಕು?

ಬೀಕರ್:

ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಆಗಿದೆ, ಆಹಾರ ವಿಜ್ಞಾನದ ಕಡೆಗೆ ತಿರುಗಬೇಕು ಅಂತಿದ್ದೀನಿ. ಕೋರ್ಸುಗಳ ಪಟ್ಟಿ ಎಲ್ಲ ಕಡೆ ಸಿಗುತ್ತೆ, ಕೆಲಸದ ಒಳಗೆ ಏನಿರುತ್ತೆ ಅಂತ ಬಿಡಿಸಿ ಹೇಳುವವರು ಮಾತ್ರ ಕಡಿಮೆ. ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಹೊಸ ಪ್ರಾಡಕ್ಟ್ ಮಾಡುವ ವಿಭಾಗದಲ್ಲಿ ದಿನದ ಕೆಲಸ ಏನು? ಬೆಂಚ್ ಮೇಲೆ ಸರಿ ಬಂದದ್ದು ಪ್ಲಾಂಟ್‌ಗೆ ಹೋದ ಕೂಡಲೇ ಕೈಕೊಡುತ್ತೆ ಅಂತಾರಲ್ಲ, ಕಾರಣ ಏನು? ಕೆಮಿಸ್ಟ್ರಿಯಿಂದ ಬಂದವರು ಎಲ್ಲಿ ಎಡವುತ್ತಾರೆ? ಮೊದಲು ಕ್ವಾಲಿಟಿ ಕಂಟ್ರೋಲ್ ಲ್ಯಾಬ್‌ಗೆ ಸೇರಿದರೆ ಅಲ್ಲೇ ಉಳಿದುಬಿಡ್ತೀವಾ? ಅಂಕಿಗಳ ಸಮೇತ ಹೇಳಿದರೆ ದೊಡ್ಡ ಉಪಕಾರ.

ಉಗಿಪಾತ್ರೆ:

ಒಂದೇ ಒಂದು ಸಾಸ್ ತಗೊಂಡು ಹೇಳ್ತೀನಿ, ಇಡೀ ಕೆಲಸ ಅದರಲ್ಲೇ ಕಾಣುತ್ತೆ.

ಫಾರ್ಮುಲಾದಲ್ಲಿ ಚಮಚ, ಲೋಟ, ಮಿಲಿಲೀಟರ್ ಯಾವುದೂ ಇರಲ್ಲ. ನೀರನ್ನೂ ತೂಕ ಮಾಡಿಯೇ ಹಾಕಬೇಕು. ಪ್ರತಿಯೊಂದನ್ನೂ ಶೇಕಡಾದಲ್ಲಿ ಬರೆದು ಒಟ್ಟು 100.00 ಬರಿಸಿ. ಹಾಗೆ ಬರೆದಾಗ ಒಂದನ್ನು ಏರಿಸಿದರೆ ಇನ್ನೊಂದು ಇಳಿಯಲೇಬೇಕು ಅನ್ನೋದು ಕಣ್ಣಿಗೆ ಕಾಣುತ್ತೆ. ಸಾಮಾನ್ಯವಾಗಿ ಇಳಿಯೋದು ನೀರು. ನೀರು ಇಳಿದರೆ ಗಟ್ಟಿತನ, ಉಪ್ಪಿನ ಸಾಂದ್ರತೆ, ವಾಟರ್ ಆಕ್ಟಿವಿಟಿ (ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವ ನೀರಿನ ಅಳತೆ, 0ರಿಂದ 1ರವರೆಗೆ) ಎಲ್ಲವೂ ಅಲುಗಾಡುತ್ತವೆ. ಒಂದು ಟ್ರಯಲ್‌ನಲ್ಲಿ ಒಂದನ್ನೇ ಬದಲಾಯಿಸಿ. ಟ್ರಯಲ್ ನಂಬರ್ ಜೊತೆಗೆ ಪ್ರತಿ ಕಚ್ಚಾವಸ್ತುವಿನ ಲಾಟ್ ನಂಬರೂ ಬರೆದಿಡಿ. ಹೋದ ವಾರ ಬಂದ ಫಲಿತಾಂಶ ಈ ವಾರ ಬರದಿದ್ದರೆ ಮೊದಲು ನೋಡಬೇಕಾದ್ದು ಅದನ್ನೇ.

ಈಗ ಆ ಸಾಸ್‌ಗೆ 0.2% ಕ್ಸಾಂಥನ್ ಗಮ್ (ಗಟ್ಟಿ ಮಾಡುವ ಪುಡಿ) ಬೇಕು ಅಂದುಕೊಳ್ಳಿ. ಒಂದು ಕಿಲೋಗೆ 2 ಗ್ರಾಂ. ಒಂದೊಂದೇ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿದರೆ ಅರ್ಧ ಗ್ರಾಂ ಆಚೆ ಈಚೆ ಆಗುತ್ತೆ. ಅಂದರೆ 25% ತಪ್ಪು, ಆ ಟ್ರಯಲ್‌ನಿಂದ ಏನೂ ತಿಳಿಯಲ್ಲ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಆಮೇಲೆ ಗಮ್ ಅನ್ನು ನೇರವಾಗಿ ನೀರಿಗೆ ಸುರಿಯಬೇಡಿ. ನೀರು ತಾಕಿದ ಕ್ಷಣವೇ ಪುಡಿಯ ಹೊರಮೈ ಊದಿಕೊಂಡು ಅಂಟಾಗುತ್ತೆ, ಒಳಗಿನ ಪುಡಿಗೆ ನೀರು ಹೋಗೋ ದಾರಿಯೇ ಮುಚ್ಚಿಹೋಗುತ್ತೆ. ಗಂಟನ್ನು ಬೆರಳಲ್ಲಿ ಹಿಸುಕಿ ನೋಡಿ: ಮೇಲೆ ಜೆಲ್ಲಿಯ ಪೊರೆ, ಒಳಗೆ ಒಣ ಬಿಳಿ ಪುಡಿ. ಎಷ್ಟು ಹೊತ್ತು ಕದಡಿದರೂ ಅದು ಸುಲಭಕ್ಕೆ ಕರಗಲ್ಲ. ಅದಕ್ಕೇ ಫಾರ್ಮುಲಾದಲ್ಲಿ ಹೇಗೂ ಇರುವ ಸಕ್ಕರೆಯಿಂದ ಗಮ್‌ನ ಹತ್ತರಷ್ಟು, ಅಂದರೆ 20 ಗ್ರಾಂ, ತೆಗೆದು ಒಣಗಿರುವಾಗಲೇ ಗಮ್ ಜೊತೆ ಚೆನ್ನಾಗಿ ಬೆರೆಸಿ. ಸ್ಟಿರರ್ ಓಡುತ್ತಿರುವಾಗ ಸುಳಿಯ ಅಂಚಿಗೆ ನಿಧಾನವಾಗಿ ಉದುರಿಸಿ, ಇಪ್ಪತ್ತು ಮೂವತ್ತು ನಿಮಿಷ ನೀರು ಹೀರಲು ಬಿಡಿ. ಉಪ್ಪು, ಆಮ್ಲ ಆಮೇಲೆ. ಮೊದಲೇ ಉಪ್ಪು ಹಾಕಿದ ನೀರಲ್ಲಿ ಗಮ್ ನಿಧಾನಕ್ಕೆ ಅರಳುತ್ತೆ. ಆಗ ಅಳೆದ ಗಟ್ಟಿತನ ಒಂದು, ಮರುದಿನ ಅದೇ ಬಾಟಲಿಯಲ್ಲಿ ಇನ್ನೊಂದು.

ಸುಳಿ ತೀರಾ ಆಳವಾಗದಂತೆ ನೋಡಿಕೊಳ್ಳಿ. ಗಾಳಿ ಒಳಗೆ ಸೇರಿದರೆ ಕ್ಸಾಂಥನ್ ಅದನ್ನು ಹಿಡಿದಿಟ್ಟುಕೊಳ್ಳುತ್ತೆ, ಗುಳ್ಳೆ ಮೇಲೆ ಬರಲ್ಲ. ಆಗ ಬಾಟಲಿ ಕತ್ತಿನ ತನಕ ತುಂಬಿದರೂ ತೂಕ ಕಡಿಮೆ ಬರುತ್ತೆ, ಒಳಗಿರುವ ಆಮ್ಲಜನಕ ಬಣ್ಣವನ್ನೂ ಕೆಡಿಸುತ್ತೆ.

ಇನ್ನು ಪ್ಲಾಂಟ್‌ಗೆ ಹೋದ ಮೇಲೆ ಯಾಕೆ ಬದಲಾಗುತ್ತೆ ಅಂದರೆ, ಪಾತ್ರೆಯ ಅಳತೆ ಎಲ್ಲ ದಿಕ್ಕಿಗೂ ಹತ್ತರಷ್ಟಾದರೆ ಒಳಗಿನ ಪದಾರ್ಥ ಸಾವಿರದಷ್ಟಾಗುತ್ತೆ, ಬಿಸಿ ಕೊಡುವ ಗೋಡೆ ನೂರರಷ್ಟೇ ಆಗುತ್ತೆ. ಪ್ರತಿ ಕಿಲೋಗೆ ಸಿಗುವ ಗೋಡೆ ಹತ್ತನೇ ಒಂದು ಭಾಗ. ಬೆಂಚ್ ಮೇಲೆ ಕೆಲವೇ ನಿಮಿಷದಲ್ಲಿ 90 ಡಿಗ್ರಿ ಮುಟ್ಟಿದ್ದು ಗೋಡೆಯೊಳಗೆ ಉಗಿ ಹಾಯುವ ದೊಡ್ಡ ಜಾಕೆಟ್ ಕೆಟಲ್‌ನಲ್ಲಿ ಮುಕ್ಕಾಲು ಗಂಟೆ ತಗೊಳ್ಳಬಹುದು. ಅಷ್ಟು ಹೊತ್ತು ಸಕ್ಕರೆ ಮತ್ತು ಅಮೈನೋ ಆಮ್ಲ ಬಿಸಿಯಲ್ಲೇ ಇರುತ್ತವೆ, ಬಣ್ಣ ಕಂದುತ್ತೆ. ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಅದೇ ಕ್ರಿಯೆ ಇದು. ಸ್ಟಾರ್ಚ್ ಇದ್ದರೆ ಪಂಪಿನ ಒತ್ತಡಕ್ಕೆ, ಹೋಮೋಜಿನೈಸರಿನ ಸೀಳಿಗೆ ಅದರ ಊದಿದ ಕಣ ಒಡೆದು ಸಾಸ್ ತೆಳ್ಳಗಾಗುತ್ತೆ. ಆವಿಯಾಗುವ ನೀರಿನ ಲೆಕ್ಕವೂ ಬೇರೆ: ಅಗಲ ಬಾಣಲೆಯಲ್ಲಿ ಹೋಗುವಷ್ಟು ನೀರು ಆಳದ ಕೆಟಲ್‌ನಲ್ಲಿ ಹೋಗಲ್ಲ.

ಆದ್ದರಿಂದ ಪ್ಲಾಂಟ್‌ಗೆ ಕೊಡುವ ಚೀಟಿಯಲ್ಲಿ "20 ನಿಮಿಷ ಕುದಿಸಿ" ಅಂತ ಬರೆಯಲೇಬೇಡಿ. ಬ್ರಿಕ್ಸ್ (ಕರಗಿದ ಸಕ್ಕರೆಯಂಥ ಪದಾರ್ಥದ ಶೇಕಡಾ) ಇಷ್ಟು, ಪಿಎಚ್ ಇಷ್ಟು, ಇಷ್ಟು ಡಿಗ್ರಿಯಲ್ಲಿ ಗಟ್ಟಿತನ ಇಷ್ಟು, ಕೊನೆಯ ತೂಕ ಇಷ್ಟು ಅಂತ ಬರೆಯಿರಿ. ಎಲ್ಲಿ ನಿಲ್ಲಿಸಬೇಕು ಅನ್ನೋದು ಅಳೆದು ತಿಳಿಯುವಂತಿರಬೇಕು, ಗಡಿಯಾರ ಅದನ್ನು ಹೇಳಲ್ಲ. ಬೆಂಚ್‌ನಿಂದ ನೇರ ದೊಡ್ಡ ಬ್ಯಾಚ್‌ಗೆ ಹಾರದೆ ನಡುವೆ ಚಿಕ್ಕ ಪ್ರಯೋಗದ ಘಟಕವಾದ ಪೈಲಟ್ ಪ್ಲಾಂಟ್‌ನಲ್ಲಿ ಒಮ್ಮೆ ಓಡಿಸಿ. ಈ ಭಾಗ ಕಲಿಯೋಕೆ ಹೀಟ್ ಟ್ರಾನ್ಸ್‌ಫರ್ ಮತ್ತು ದ್ರವಗಳ ಹರಿವಿನ ಪಾಠ ಬೇಕೇ ಬೇಕು. ಕೆಮಿಸ್ಟ್ರಿಯಿಂದ ಬಂದವರಿಗೆ ಇರುವ ದೊಡ್ಡ ಕೊರತೆ ಇದು ಅಂತ ನನ್ನ ಅನಿಸಿಕೆ.

ಸೊನ್ನೆ ಎಂಟು ಐದು:

ಮೇಲಿನವರ ಮಾತು ಸರಿ, ಆದರೆ ದೊಡ್ಡ ಕೊರತೆ ಮೈಕ್ರೋಬಯಾಲಜಿ ಎಂದು ನಾನು ಹೇಳುತ್ತೇನೆ. ಸಾಸ್ ತೆಳ್ಳಗಾದರೆ ಬ್ಯಾಚ್ ಹೋಗುತ್ತದೆ. ಇಲ್ಲಿ ತಪ್ಪಿದರೆ ಜೀವ ಹೋಗುತ್ತದೆ.

ಎರಡು ಅಂಕಿಗಳು ಬಾಯಿಪಾಠವಾಗಿರಲಿ: ಪಿಎಚ್ 4.6 ಮತ್ತು ವಾಟರ್ ಆಕ್ಟಿವಿಟಿ 0.85. ಪಿಎಚ್ 4.6ಕ್ಕಿಂತ ಮೇಲಿದ್ದು, ವಾಟರ್ ಆಕ್ಟಿವಿಟಿ 0.85ಕ್ಕಿಂತ ಹೆಚ್ಚಿದ್ದು, ಗಾಳಿಯಾಡದಂತೆ ಮುಚ್ಚಿ ಹೊರಗಿನ ತಾಪಮಾನದಲ್ಲಿಡುವ ಆಹಾರವನ್ನು ಕ್ಲಾಸ್ಟ್ರಿಡಿಯಂ ಬೊಟುಲಿನಂ (ಮಾರಕ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ) ಬೀಜಾಣು ಸಾಯುವ ಮಟ್ಟಕ್ಕೆ ಬೇಯಿಸಬೇಕು. 121.1 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಬೀಜಾಣುಗಳ ಸಂಖ್ಯೆ ಹತ್ತನೇ ಒಂದಕ್ಕೆ ಇಳಿಯಲು 0.21 ನಿಮಿಷ ಬೇಕು ಎಂಬುದು ಲೆಕ್ಕಕ್ಕೆ ಹಿಡಿಯುವ ಅಂಕಿ. ಇದಕ್ಕೆ ಡಿ-ವ್ಯಾಲ್ಯೂ ಎನ್ನುತ್ತಾರೆ. ಹನ್ನೆರಡು ಸಲ ಹತ್ತನೇ ಒಂದಕ್ಕೆ ಇಳಿಸಬೇಕಾದರೆ 2.52 ನಿಮಿಷ, ವ್ಯವಹಾರದಲ್ಲಿ 3 ನಿಮಿಷವನ್ನು ಕನಿಷ್ಠ ಎಂದು ಹಿಡಿಯುತ್ತಾರೆ. ತಾಪಮಾನ 10 ಡಿಗ್ರಿ ಇಳಿದರೆ ಸಮಯ ಹತ್ತರಷ್ಟಾಗುತ್ತದೆ: 111.1 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ 25 ನಿಮಿಷ ದಾಟುತ್ತದೆ. ಬರೀ ಕುದಿಯುವ ನೀರು ಈ ಕೆಲಸಕ್ಕೆ ಏಕೆ ಸಾಲದು ಎಂಬುದು ಇದರಿಂದಲೇ ತಿಳಿಯುತ್ತದೆ. ಈ ಮೂರು ನಿಮಿಷ ಡಬ್ಬಿಯೊಳಗೆ ಎಲ್ಲಕ್ಕಿಂತ ತಡವಾಗಿ ಬಿಸಿಯಾಗುವ ಜಾಗಕ್ಕೆ ಸಿಗಬೇಕು. ಅಲ್ಲಿ ಥರ್ಮೋಕಪಲ್ ಇಟ್ಟು ಅಳೆಯಬೇಕು. ರಿಟಾರ್ಟ್‌ನ (ಡಬ್ಬಿ ಬೇಯಿಸುವ ಒತ್ತಡದ ಪಾತ್ರೆ) ಹೊರಗಿನ ಮೀಟರ್ ಡಬ್ಬಿಯ ಒಳಗಿನದನ್ನು ಹೇಳುವುದಿಲ್ಲ. ನಿಕೊಲಾ ಅಪೇರ್ 1810ರಲ್ಲಿ ತನ್ನ ವಿಧಾನ ಪ್ರಕಟಿಸಿದಾಗ ಸೂಕ್ಷ್ಮಜೀವಿಯೇ ಕಾರಣವೆಂಬುದು ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಅಂದಾಜಿಗೆ ಜಾಗವೇ ಇಲ್ಲ.

ಪಿಎಚ್ ಅಳೆಯುವುದು ಕೆಮಿಸ್ಟ್ರಿ ಓದಿದವರಿಗೆ ಸುಲಭ ಎನಿಸುತ್ತದೆ. ಆದರೆ ತರಕಾರಿ ಹೋಳುಗಳಿರುವ ಆಮ್ಲದ ದ್ರವದಲ್ಲಿ ಎಲೆಕ್ಟ್ರೋಡ್ ಅದ್ದಿದರೆ ಸಿಗುವುದು ದ್ರವದ ಪಿಎಚ್ ಮಾತ್ರ. ಹೋಳಿನ ನಡುಭಾಗಕ್ಕೆ ಆಮ್ಲ ಇಳಿಯಲು ಗಂಟೆಗಳು, ಹೋಳು ದಪ್ಪವಿದ್ದರೆ ದಿನಗಳೇ ಬೇಕು. ಹೋಳನ್ನು ಸೋಸಿ ತೆಗೆದು, ಬೇರೆಯಾಗಿ ರುಬ್ಬಿ ಅಳೆಯಿರಿ. ಪ್ರತಿದಿನ 4.01 ಮತ್ತು 7.00 ಬಫರ್‌ಗಳಲ್ಲಿ ಮೀಟರ್ ಸರಿಪಡಿಸಿಕೊಳ್ಳಿ. ಎಣ್ಣೆ ಇರುವ ಮಾದರಿ ಅಳೆದ ಮೇಲೆ ಎಲೆಕ್ಟ್ರೋಡ್ ತೊಳೆಯದಿದ್ದರೆ ಗಾಜಿನ ಮೇಲೆ ಜಿಡ್ಡು ಕೂತು ಅಂಕಿ ನಿಲ್ಲದೆ ತೇಲುತ್ತಿರುತ್ತದೆ.

ವಾಟರ್ ಆಕ್ಟಿವಿಟಿಯನ್ನು ತೇವಾಂಶದ ಜೊತೆ ಗೊಂದಲ ಮಾಡಿಕೊಳ್ಳುವುದು ಹೊಸಬರ ಮಾಮೂಲಿ ತಪ್ಪು. ಧಾನ್ಯದ ಫ್ಲೇಕ್ಸ್ ಜೊತೆ ಒಣದ್ರಾಕ್ಷಿ ಬೆರೆಸಿ ಪ್ಯಾಕ್ ಮಾಡಿದರೆ ಕೆಲವು ವಾರಗಳಲ್ಲಿ ಫ್ಲೇಕ್ಸ್ ಮೆತ್ತಗಾಗುತ್ತದೆ, ದ್ರಾಕ್ಷಿ ಕಲ್ಲಾಗುತ್ತದೆ. ನೀರು ಹರಿಯುವುದು ವಾಟರ್ ಆಕ್ಟಿವಿಟಿ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಶೇಕಡಾವಾರು ತೇವಾಂಶ ಎಷ್ಟಿದೆ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ದ್ರಾಕ್ಷಿಗೆ ಗ್ಲಿಸರಾಲ್ ಹಿಡಿಸಿ ಅದರ ವಾಟರ್ ಆಕ್ಟಿವಿಟಿ ಇಳಿಸುವುದು ಒಂದು ಪರಿಹಾರ. ಮೀಟರ್ ಸರಿಯಿದೆಯೇ ಎಂದು ನೋಡಲು ತಳದಲ್ಲಿ ಹರಳು ಉಳಿಯುವಷ್ಟು ಉಪ್ಪು ಕರಗಿಸಿದ ನೀರು ಸಾಕು: ಶುದ್ಧ ಸೋಡಿಯಂ ಕ್ಲೋರೈಡ್ ಆದರೆ 25 ಡಿಗ್ರಿಯಲ್ಲಿ 0.753 ತೋರಿಸಬೇಕು.

ಬೀಕರ್:

ಇಬ್ಬರಿಗೂ ತುಂಬಾ ಧನ್ಯವಾದ. ಎರಡು ಅನುಮಾನ. ಹಾಲಿನ ಪಾಶ್ಚರೀಕರಣಕ್ಕೆ 72 ಡಿಗ್ರಿ, 15 ಸೆಕೆಂಡ್ ಅಂತ ಓದಿದ್ದೀನಿ. ಪೈಪಿನಲ್ಲಿ ಹರಿಯುವ ಪದಾರ್ಥಕ್ಕೆ ಆ 15 ಸೆಕೆಂಡ್ ಸಿಕ್ಕಿದೆ ಅಂತ ಹೇಗೆ ಖಾತ್ರಿ ಮಾಡ್ತಾರೆ? ಮತ್ತೆ, ಆರು ತಿಂಗಳ ಶೆಲ್ಫ್ ಲೈಫ್ ಬರೆಯೋಕೆ ನಿಜವಾಗಲೂ ಆರು ತಿಂಗಳು ಕಾಯ್ತಾರಾ?

ಉಗಿಪಾತ್ರೆ:

ಮೊದಲನೆಯದಕ್ಕೆ ನಾನು ಹೇಳ್ತೀನಿ. ಬಿಸಿ ಮಾಡಿದ ಮೇಲೆ ಹೋಲ್ಡಿಂಗ್ ಟ್ಯೂಬ್ ಅಂತ ಒಂದು ಪೈಪ್ ಇರುತ್ತೆ. ಗಂಟೆಗೆ 1000 ಲೀಟರ್ ಹರಿದರೆ ಸೆಕೆಂಡಿಗೆ 0.278 ಲೀಟರ್, 15 ಸೆಕೆಂಡಿಗೆ ಸುಮಾರು 4.2 ಲೀಟರ್ ಹಿಡಿಯುವ ಪೈಪ್ ಸಾಕು ಅಂತ ಕಾಗದದ ಮೇಲೆ ಕಾಣುತ್ತೆ. ಅದು ಸರಾಸರಿ ಲೆಕ್ಕ. ಪೈಪಿನ ಮಧ್ಯದಲ್ಲಿ ಹರಿಯೋದು ಗೋಡೆ ಪಕ್ಕದ್ದಕ್ಕಿಂತ ವೇಗವಾಗಿರುತ್ತೆ. ಗಟ್ಟಿ ದ್ರವ ಪದರಪದರವಾಗಿ ಶಾಂತವಾಗಿ ಹರಿಯುವಾಗ ಮಧ್ಯದ ವೇಗ ಸರಾಸರಿಯ ಎರಡರಷ್ಟರವರೆಗೂ ಹೋಗುತ್ತೆ, ಅಂದರೆ ಅಲ್ಲಿನ ಹನಿಗೆ ಸಿಗೋದು ಏಳೂವರೆ ಸೆಕೆಂಡ್. ಹಾಗಾಗಿ ಅಂಥದ್ದಕ್ಕೆ 8.4 ಲೀಟರ್ ಹಿಡಿಯುವ ಪೈಪ್ ಬೇಕು. ಎಲ್ಲಕ್ಕಿಂತ ವೇಗವಾಗಿ ದಾಟುವ ಹನಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಪೈಪ್ ಹರಿವಿನ ದಿಕ್ಕಿಗೆ ಏರುತ್ತಾ ಹೋಗಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ಜಾಗ ತಿನ್ನುತ್ತೆ, ಸಮಯ ಇನ್ನೂ ಕಡಿಮೆಯಾಗುತ್ತೆ. ಪೈಪಿನ ಕೊನೆಯಲ್ಲಿ ತಾಪಮಾನ ಇಳಿದಿದ್ದರೆ ಡೈವರ್ಷನ್ ವಾಲ್ವ್ ಹಾಲನ್ನು ಹಿಂದಕ್ಕೆ ಕಳಿಸಬೇಕು.

ಮೂರಂಕಿ:

ಶೆಲ್ಫ್ ಲೈಫ್ ಮತ್ತು ರುಚಿ ಪರೀಕ್ಷೆ ಎರಡನ್ನೂ ಸೇರಿಸಿ ಬರೆಯುತ್ತೇನೆ, ಏಕೆಂದರೆ ಒಂದಿಲ್ಲದೆ ಇನ್ನೊಂದಿಲ್ಲ.

ಕಾಯುತ್ತಾರೆ, ಜೊತೆಗೆ ಬೇಗ ತಿಳಿಯುವ ದಾರಿಯನ್ನೂ ಹಿಡಿಯುತ್ತಾರೆ. ತಾಪಮಾನ 10 ಡಿಗ್ರಿ ಏರಿದರೆ ಕೆಡುವ ವೇಗ ಎರಡರಷ್ಟು ಎಂದು ಹಿಡಿದರೆ, 25 ಡಿಗ್ರಿಯ 24 ವಾರ 45 ಡಿಗ್ರಿಯ 6 ವಾರಕ್ಕೆ ಸಮ. ಆದರೆ ಆ "ಎರಡರಷ್ಟು" ಎಲ್ಲಿಂದ ಬಂತು? ನಿಜವಾದ ಅಂಕಿ ಮೂರು ಆಗಿದ್ದರೆ ಅದೇ 6 ವಾರ 54 ವಾರಕ್ಕೆ ಸಮ. ಒಂದೂವರೆ ಆಗಿದ್ದರೆ 14 ವಾರವೂ ಇಲ್ಲ, ನೀವು ಬರೆದ ಆರು ತಿಂಗಳು ಸುಳ್ಳಾಗುತ್ತದೆ. ಊಹಿಸಬಾರದು, ಕನಿಷ್ಠ ಮೂರು ತಾಪಮಾನದಲ್ಲಿ ಇಟ್ಟು ನಿಮ್ಮದೇ ಪ್ರಾಡಕ್ಟ್‌ನ ಅಂಕಿ ಕಂಡುಕೊಳ್ಳಬೇಕು. ಚಾಕೊಲೇಟ್ ಲೇಪನ ಇರುವುದನ್ನು 40 ಡಿಗ್ರಿಯಲ್ಲಿ ಇಟ್ಟು ಪ್ರಯೋಜನವಿಲ್ಲ: ಕೋಕೋ ಬೆಣ್ಣೆ 34 ಡಿಗ್ರಿಯ ಸುಮಾರಿಗೇ ಕರಗಿರುತ್ತದೆ, ನೀವು ನೋಡುತ್ತಿರುವುದು ಬೇರೆಯದೇ ಪದಾರ್ಥ. ಪ್ಯಾಕೆಟ್ ಕೂಡ ಮಾರಾಟದ್ದೇ ಆಗಿರಬೇಕು, ಗಾಜಿನ ಬಾಟಲಿಯಲ್ಲಿಟ್ಟ ಬಿಸ್ಕತ್ತಿನಿಂದ ಪೌಚ್‌ನ ವಿಷಯ ತಿಳಿಯದು. ಮೊದಲ ದಿನವೇ "ಯಾವ ಗುರುತು ಕಂಡರೆ ಮುಗಿಯಿತು" ಎಂದು ಬರೆದಿಡಿ. ಕೊನೆಗೆ ಬರೆಯಲು ಕೂತರೆ ಇಷ್ಟವಾದ ತಾರೀಖಿಗೆ ಹೊಂದುವ ಗುರುತನ್ನೇ ಮನಸ್ಸು ಆರಿಸುತ್ತದೆ.

ಆ ಗುರುತು ಬಹುಪಾಲು ರುಚಿ, ವಾಸನೆಯದ್ದೇ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ತಿಳಿಯುತ್ತದೆಯೇ ಎಂದು ನೋಡಲು ಟ್ರಯಾಂಗಲ್ ಟೆಸ್ಟ್ ಮಾಡುತ್ತಾರೆ. ಮೂರು ಲೋಟ, ಎರಡರಲ್ಲಿ ಒಂದೇ ಮಾದರಿ, ಒಂದರಲ್ಲಿ ಬೇರೆ. ಯಾವುದು ಬೇರೆ ಎಂದು ಕೇಳಬೇಕು, ಯಾವುದು ಇಷ್ಟ ಎಂದು ಕೇಳಬಾರದು. ಲೋಟದ ಮೇಲೆ ಎ, ಬಿ ಅಥವಾ 1, 2 ಎಂದು ಬರೆದರೆ ಜನ ಮೊದಲನೆಯದರ ಕಡೆಗೆ ವಾಲುತ್ತಾರೆ. 518, 274, 963 ಹೀಗೆ ಗೊತ್ತುಗುರಿಯಿಲ್ಲದ ಮೂರಂಕಿ ಹಾಕಿ. ಮಾದರಿಗಳನ್ನು ಜೋಡಿಸುವ ಕ್ರಮ ಆರು ಇವೆ, ಆರೂ ಸಮನಾಗಿ ಬರಬೇಕು, ಅದಕ್ಕಾಗಿ ಪ್ಯಾನೆಲ್‌ನಲ್ಲಿ ಆರರ ಗುಣಕದಷ್ಟು ಜನ ಇದ್ದರೆ ಅನುಕೂಲ. ಬಣ್ಣದಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಕೋಣೆಯಲ್ಲಿ ಕೆಂಪು ದೀಪ ಹಾಕಿ ಮರೆಮಾಡುತ್ತಾರೆ. ಎಲ್ಲ ಲೋಟಗಳೂ ಒಂದೇ ತಾಪಮಾನದಲ್ಲಿರಲಿ, ಇಲ್ಲದಿದ್ದರೆ ಜನ ಗುರುತಿಸುವುದು ಬಿಸಿಯನ್ನೇ.

24 ಜನರಲ್ಲಿ 8 ಮಂದಿ ಕಣ್ಣುಮುಚ್ಚಿ ಹೇಳಿದರೂ ಸರಿಯಾಗಬಹುದು. 5% ಮಟ್ಟದಲ್ಲಿ (ಬರೀ ಅದೃಷ್ಟದಿಂದ ಹಾಗೆ ಬರುವ ಸಾಧ್ಯತೆ 5%ಕ್ಕಿಂತ ಹೆಚ್ಚಿಲ್ಲ ಎಂಬ ಮಟ್ಟ) ವ್ಯತ್ಯಾಸ ಇದೆ ಎನ್ನಲು 13 ಮಂದಿ ಸರಿ ಹೇಳಬೇಕು. 30 ಜನ ಇದ್ದರೆ 15. ಈಗ ಮುಖ್ಯವಾದ ಮಾತು: 24ರಲ್ಲಿ 11 ಬಂತು ಎಂದರೆ "ಎರಡೂ ಒಂದೇ" ಎಂದು ಸಾಬೀತಾಗಲಿಲ್ಲ. ವ್ಯತ್ಯಾಸ ಸಾಬೀತಾಗಲಿಲ್ಲ, ಅಷ್ಟೇ. ಒಂದು ಕಚ್ಚಾವಸ್ತುವಿನ ಬದಲು ಇನ್ನೊಂದು ಹಾಕಿ "ಗ್ರಾಹಕರಿಗೆ ಗೊತ್ತಾಗುವುದಿಲ್ಲ" ಎಂದು ಹೇಳಬೇಕಾದರೆ ಸರಿಸುಮಾರು ಎರಡರಷ್ಟು ಜನ ಬೇಕು, ಲೆಕ್ಕವನ್ನೂ ಬೇರೆ ರೀತಿ ಮಾಡಬೇಕು. ಈ ತಪ್ಪಿನಿಂದ ಎಷ್ಟೋ ಒಳ್ಳೆಯ ಪ್ರಾಡಕ್ಟ್‌ಗಳು ಸ್ವಲ್ಪಸ್ವಲ್ಪವೇ ಸೊರಗುತ್ತವೆ: ಪ್ರತಿ ಸಲದ ಬದಲಾವಣೆಯೂ ಹಿಂದಿನದಕ್ಕೆ ಹೋಲಿಸಿ ಪಾಸ್, ಮೂಲದ ಜೊತೆ ಯಾರೂ ಹೋಲಿಸುವುದಿಲ್ಲ. ಮೂಲದ ಫಾರ್ಮುಲಾದಿಂದ ಹೊಸದಾಗಿ ಮಾಡಿದ ಬ್ಯಾಚ್ ಪ್ರತಿ ಹೋಲಿಕೆಯಲ್ಲೂ ಇರಲೇಬೇಕು ಎಂದು ಪಟ್ಟು ಹಿಡಿಯಿರಿ.

ಇಷ್ಟ ಎಷ್ಟು ಎಂಬುದು ಬೇರೆ ಪರೀಕ್ಷೆ. ಅದಕ್ಕೆ ತರಬೇತಿ ಪಡೆದ ಪ್ಯಾನೆಲ್ ಬೇಡ, ನೂರರ ಆಸುಪಾಸು ಸಾಮಾನ್ಯ ಗ್ರಾಹಕರು ಬೇಕು, 9 ಅಂಕದ ಮಾಪನದಲ್ಲಿ.

ಸ್ಟ್ಯಾಟಿಸ್ಟಿಕ್ಸ್ ಇಲ್ಲದೆ ಈ ವೃತ್ತಿಗೆ ಬರಬೇಡಿ ಎಂದೇ ಹೇಳುತ್ತೇನೆ.

ಸೊನ್ನೆ ಎಂಟು ಐದು:

ಕ್ವಾಲಿಟಿ ಲ್ಯಾಬ್ ಬಗ್ಗೆ ಕೇಳಿದ್ದಿರಿ. ಅಲ್ಲಿಂದ ಶುರು ಮಾಡುವುದು ಒಳ್ಳೆಯದೇ, ಒಂದು ಷರತ್ತಿನ ಮೇಲೆ: ಅಂಕಿ ಬರೆದು ಸಹಿ ಹಾಕಿ ಕೂರಬಾರದು, ಆ ಅಂಕಿ ಏನನ್ನು ಅಳೆಯುತ್ತಿದೆ ಎಂದು ಬೆನ್ನು ಹತ್ತಬೇಕು. ಇದರಲ್ಲಿ ಕೆಮಿಸ್ಟ್ರಿ ನಿಮ್ಮ ಬಲ. ಕೆಲ್ಡಾಲ್ ವಿಧಾನ ಅಳೆಯುವುದು ನೈಟ್ರೋಜನ್, ಪ್ರೋಟೀನ್ ಅಲ್ಲ. ಸಾಮಾನ್ಯವಾಗಿ 6.25ರಿಂದ, ಹಾಲಿಗೆ 6.38ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತೇವೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ನೈಟ್ರೋಜನ್ ತುಂಬಿರುವ ಮೆಲಮೈನ್ ಬೆರೆಸಿದವರು ಬಳಸಿಕೊಂಡದ್ದು ಇದೇ ಕಿಂಡಿಯನ್ನು. ಎಣ್ಣೆ ಹಳಸುವಾಗ ಅದರ ಪೆರಾಕ್ಸೈಡ್ ವ್ಯಾಲ್ಯೂ ಮೊದಲು ಏರಿ ಆಮೇಲೆ ಇಳಿಯುತ್ತದೆ, ಏಕೆಂದರೆ ಪೆರಾಕ್ಸೈಡ್‌ಗಳು ಒಡೆದು ಆಲ್ಡಿಹೈಡ್‌ಗಳಾಗುತ್ತವೆ. ಆದ್ದರಿಂದ ಕಡಿಮೆ ಅಂಕಿ ತೋರಿಸುವ ಎಣ್ಣೆ ತಾಜಾ ಇರಬಹುದು, ಪೂರ್ತಿ ಕೆಟ್ಟಿರಲೂಬಹುದು. ಜೊತೆಗೆ ಆ ಆಲ್ಡಿಹೈಡ್‌ಗಳನ್ನು ಅಳೆಯುವ ಅನಿಸಿಡಿನ್ ವ್ಯಾಲ್ಯೂ ನೋಡಿ, ಮೂಗನ್ನೂ ಬಳಸಿ. ಸಕ್ಕರೆ ಹೆಚ್ಚಿರುವ ಮಾದರಿಯನ್ನು 105 ಡಿಗ್ರಿ ಓವನ್‌ನಲ್ಲಿ ಒಣಗಿಸಿದರೆ ಸಕ್ಕರೆಯೇ ಒಡೆದು ತೂಕ ಕಳೆಯುತ್ತದೆ, ಅದೂ ತೇವಾಂಶದ ಲೆಕ್ಕಕ್ಕೆ ಸೇರುತ್ತದೆ. 70 ಡಿಗ್ರಿಯ ವ್ಯಾಕ್ಯೂಮ್ ಓವನ್ ಬಳಸಿ.

ಲ್ಯಾಬ್‌ನಲ್ಲಿರುವಾಗಲೇ ಹ್ಯಾಸಪ್ (HACCP) ತಂಡಕ್ಕೆ ಸೇರಿಕೊಳ್ಳಿ. ಬಾಹ್ಯಾಕಾಶಯಾತ್ರಿಗಳ ಆಹಾರಕ್ಕಾಗಿ 1960ರ ದಶಕದಲ್ಲಿ ಪಿಲ್ಸ್‌ಬರಿ ಮತ್ತು ನಾಸಾ ಸೇರಿ ಬೆಳೆಸಿದ ಪದ್ಧತಿ ಅದು. ಅಪಾಯ ಎಲ್ಲಿ ಹುಟ್ಟುತ್ತದೆ, ಎಲ್ಲಿ ತಡೆಯುತ್ತೇವೆ, ತಡೆ ತಪ್ಪಿದರೆ ಏನು ಮಾಡುತ್ತೇವೆ ಎಂದು ಪ್ಲಾಂಟ್‌ನ ಪ್ರತಿ ಹಂತವನ್ನೂ ನಡೆದು ನೋಡುವ ಅವಕಾಶ ಅಲ್ಲಿ ಸಿಗುತ್ತದೆ. ಲೈನ್ ನಡೆಸುವವರ ಪರಿಚಯವಾಗುತ್ತದೆ. ಪ್ರಾಡಕ್ಟ್ ವಿಭಾಗದವರಿಗೆ ಪ್ಲಾಂಟ್ ಟ್ರಯಲ್ ದಿನ ಬೇಕಾಗುವುದು ಅಂಥವರೇ, ದಾಟುವ ದಾರಿ ಅದು. ಎರಡು ವರ್ಷವಾದರೂ ಬರೀ ಟೈಟ್ರೇಶನ್ ಮಾಡುತ್ತಿದ್ದರೆ ಜಾಗ ಬದಲಾಯಿಸಿ.

ಬೀಕರ್:

ಕೊನೆಯದಾಗಿ: ಸಂದರ್ಶನದಲ್ಲಿ ಏನು ಕೇಳ್ತಾರೆ?

ಉಗಿಪಾತ್ರೆ:

"ಬಾಟಲಿಯಲ್ಲಿ ಸಾಸ್ ಒಡೆದು ಮೇಲೆ ನೀರು ನಿಂತಿದೆ, ಏನು ಮಾಡ್ತೀರಿ?" ಇಂಥದ್ದು. "ಗಮ್ ಜಾಸ್ತಿ ಹಾಕ್ತೀನಿ" ಅಂದರೆ ಅಲ್ಲಿಗೆ ಮುಗೀತು. ಎಲ್ಲ ಬಾಟಲಿಯಲ್ಲೂ ಇದೆಯಾ, ಒಂದು ಬ್ಯಾಚ್‌ನದ್ದಾ, ಒಂದೇ ಫಿಲ್ಲಿಂಗ್ ನಾಜಲ್‌ನಿಂದ ಬಂದದ್ದಾ ಅಂತ ಮೊದಲು ಕೇಳಿ. ಉಳಿಸಿಟ್ಟ ಮಾದರಿ ತರಿಸಿ ಪಕ್ಕದಲ್ಲಿಡಿ. ಪಿಎಚ್, ಬ್ರಿಕ್ಸ್, ಗಟ್ಟಿತನ ಅಳೆಯಿರಿ. ಅಡಿಯಲ್ಲಿ ಜೆಲ್ಲಿ ಗಂಟು ಇದ್ದರೆ ಗಮ್ ಅರಳಿಲ್ಲ, ತೂಕ ಸರಿ ಇದ್ದರೂ ಕೆಲಸ ಮಾಡಿದ ಗಮ್ ಕಡಿಮೆ. ಗಂಟಿಲ್ಲದೆ ಗಟ್ಟಿತನ ಇಳಿದಿದ್ದರೆ ತೂಕದ ದಾಖಲೆ ನೋಡಿ, ಆಮೇಲೆ ಸ್ಟಾರ್ಚ್ ಕಣವನ್ನು ಅಯೋಡಿನ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿ: ಒಡೆದಿದೆಯಾ, ಪೂರ್ತಿ ಬೆಂದಿಲ್ಲವಾ ಅಂತ ಗೊತ್ತಾಗುತ್ತೆ. ಮುಚ್ಚಳ ಉಬ್ಬಿದ್ದರೆ ಮಾತ್ರ ಇದ್ಯಾವುದನ್ನೂ ಮಾಡಬೇಡಿ, ರುಚಿ ನೋಡಲೇಬೇಡಿ. ಆ ಬ್ಯಾಚ್ ಪೂರ್ತಿ ತಡೆಹಿಡಿದು ಮೈಕ್ರೋಬಯಾಲಜಿಯವರನ್ನು ಕರೆಯಿರಿ.